ಶ್ರಾವಣದಲ್ಲಿ ಬಿಟ್ಟ ಮೀನು

ಹೋದ ತಿಂಗಳು ಬೇಗೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೇ ದನದ ಬೂಸಾ ಮಾರುವ ಅಂಗಡಿ. ಯಾರೋ ಪುಣ್ಯಾತ್ಮ ಕಡಲೆಕಾಯಿ ಹಿಂಡಿಯ ಮೂಟೆಯನ್ನು ಮಳೆಯಲ್ಲಿ ನೆನೆಯಲು ಬಿಟ್ಟಿದ್ದ. ನೆನೆದ ಹಿಂಡಿಯ ಆ ಹುಳಿ ಹುಳಿ, ಎಣ್ಣೆ ಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನೇ ತಾನಾಗಿ ಉಂಡೆ ಕಟ್ಟುವವರ ಹಾಗೆ ಮಡಿಚಿಕೊಂಡಿತು. ಪಕ್ಕದಲ್ಲಿದ್ದ ಹೆಂಡತಿ, "ಏನ್ರೀ ಅದು, ಕೈ ಹಂಗ್ ಮಾಡ್ತಿದ್ದೀರಿ?" ಅಂದಳು. ಏನಿಲ್ಲ ಬಿಡು ಅಂದೆ. ಅಲ್ಲೇ ನಿಂತು ಹೇಳಿ ಮುಗಿಸುವಂಥದ್ದಾಗಿರಲಿಲ್ಲ ಅದು.

ಹಿಂಡಿಗೆ ರಾಗಿಹಿಟ್ಟು ಬೆರೆಸಿ, ಚೂರು ಬೆಲ್ಲ ಹಾಕಿ, ಹುಳಿಯಲು ಬಿಟ್ಟು, ಬೆಳಿಗ್ಗೆ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಬೇಕು. ಗಾಳಕ್ಕೆ ಸಿಕ್ಕಿಸಿದರೆ ನೀರಿನಲ್ಲಿ ಬೇಗ ಕರಗಬಾರದು, ಮೀನು ಬಾಯಿ ಹಾಕಿದರೆ ಗಟ್ಟಿ ಅನ್ನಿಸಲೂಬಾರದು. ಒಂದು ವರ್ಷ ನನ್ನ ಕೈಗೆ ಈ ಹದ ಬಿಟ್ಟರೆ ಬೇರೆ ಹದ ಗೊತ್ತಿರಲಿಲ್ಲ. ಮುದ್ದೆ ಕಟ್ಟುವುದನ್ನು ಅವ್ವನಿಂದ ಕಲಿತ ಕೈ ಅದು. 

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದ ಕಾಲ. ಮಳೆಯನ್ನು ಬೇಡಿಯೇ ಅಭ್ಯಾಸವಾಗಿದ್ದ ನಮ್ಮ ಸೀಮೆಗೆ ಆ ಸಲ ಮುಂಗಾರು ಬೇಡದೆಯೇ ಬಂತು. ಬೇಗೂರಿನಿಂದ ಸ್ವಲ್ಪ ಒಳಗೆ, ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ ಇತ್ತು. ಕ್ವಾರಿ ನಡೆಯುತ್ತಿದ್ದಾಗ ನಾನು ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ನೀರೆತ್ತುವ ಪಂಪು ನಿಂತ ಮೇಲೆ ಮಳೆಗಾಲ ಮಳೆಗಾಲಕ್ಕೂ ಗುಂಡಿ ತುಂಬುತ್ತ ಬಂದು, ನಾವು ಕೂತು ಬುತ್ತಿ ಉಣ್ಣುತ್ತಿದ್ದ ಬಂಡೆಯ ಮೇಲೆ ತೆಂಗಿನಮರ ಮುಳುಗುವಷ್ಟು ನೀರು ನಿಂತಿತ್ತು. ಸುತ್ತ ನೆಟ್ಟಗೆ ಕೊಯ್ದ ಬಂಡೆಯ ಗೋಡೆ. ಒಂದು ಕಡೆ ಮಾತ್ರ ಲಾರಿ ಇಳಿಯುತ್ತಿದ್ದ ಇಳಿಜಾರು ದಾರಿ, ಅದರ ಮೇಲೂ ಹುಲ್ಲು ಬೆಳೆದು ನೀರು ಹತ್ತಿತ್ತು.

ಆ ಗುಂಡಿಯನ್ನು ಗುತ್ತಿಗೆ ಹಿಡಿದವರು ಥಾಮಸ್ ಸಾರ್. ಸುಲ್ತಾನ್ ಬತ್ತೇರಿ ಕಡೆಯವರು, ಶುಂಠಿ ಬೆಳೆಯಲು ಗುಂಡ್ಲುಪೇಟೆ ಕಡೆಗೆ ಬಂದು ನಿಂತವರು. ಹಿಂದೆ ಮಲೇಷಿಯಾದಲ್ಲಿ ದುಡಿದಿದ್ದರಂತೆ. ಅಲ್ಲಿ ಜನ ದುಡ್ಡು ಕೊಟ್ಟು ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ಮೀನನ್ನು ಮತ್ತೆ ನೀರಿಗೇ ಬಿಟ್ಟು ಖುಷಿಯಾಗಿ ಮನೆಗೆ ಹೋಗುವುದನ್ನು ನೋಡಿದ್ದರು. ಊಟಿಗೆ ಹೋಗುವ ದೊಡ್ಡ ರಸ್ತೆ ಪಕ್ಕದಲ್ಲೇ ಇರುವಾಗ ಇಲ್ಲೂ ಯಾಕಾಗಬಾರದು ಎಂದು ಅವರ ಲೆಕ್ಕ. ಗುಂಡಿಗೆ ನಮ್ಮ ನೀರಿನಲ್ಲಿ ಎಂದೂ ಕಾಣದ ಮೀನುಗಳನ್ನು ತಂದು ಬಿಟ್ಟರು. ಕೆಂಪು ಹೊಟ್ಟೆಯ ಅಗಲ ಮೀನು ರೂಪ್‌ಚಂದ್ ಒಂದು. ಇನ್ನೊಂದು ಆಫ್ರಿಕಾದ ಕ್ಯಾಟ್‌ಫಿಶ್, ಕಪ್ಪಗೆ, ನುಣ್ಣಗೆ, ಬಾಯಿಯ ಸುತ್ತ ಉದ್ದುದ್ದ ಮೀಸೆ. ಸುತ್ತಲಿನ ಊರಿನವರು ಅದನ್ನು ಮೀಸೆ ಮೀನು ಎಂದೇ ಕರೆದರು.

ಆಮೇಲೆ ಒಂದು ದಿನ ಜೀಪಿನ ತಲೆಯ ಮೇಲೆ ಎರಡು ಕಯಾಕ್ ಬಂದವು. ಒಬ್ಬರೇ ಕೂರುವ ಪ್ಲಾಸ್ಟಿಕ್ ದೋಣಿ, ಬಾಳೆ ಹೂವಿನ ಪಕಳೆಯ ಹಾಗೆ ಎರಡೂ ತುದಿ ಚೂಪು. ಕಿತ್ತಳೆ ಬಣ್ಣದ್ದು ಗಿರಾಕಿಗೆ, ಹಳದಿಯದ್ದು ನನಗೆ. ಅವರ ಪಕ್ಕಪಕ್ಕದಲ್ಲೇ ಹುಟ್ಟು ಹಾಕುತ್ತ ಹೋಗಬೇಕು, ಮೀನು ಎಲ್ಲಿ ನಿಂತಿದೆ ಹೇಳಬೇಕು, ಉಂಡೆ ಸಿಕ್ಕಿಸಿ ಕೊಡಬೇಕು, ಎಳೆದಾಗ ಬಲೆಚೀಲ ಒಡ್ಡಬೇಕು, ಗಾಳ ಬಿಡಿಸಬೇಕು, ಫೋಟೋ ಹಿಡಿಯಬೇಕು, ಕೊನೆಗೆ ಮೀನನ್ನು ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನೀರಿಗೆ ಬಿಡಬೇಕು. ಇದಕ್ಕೆ ಗೈಡ್ ಎಂದು ಹೆಸರು. ಗುಂಡಿಯ ತಳದ ಒಂದೊಂದು ಬಂಡೆಯೂ ನನಗೆ ಗೊತ್ತಿದ್ದದ್ದೇ ನನ್ನ ಯೋಗ್ಯತೆ.

ಕಷ್ಟವಿದ್ದದ್ದು ಮನೆಯಲ್ಲಿ. ನಮ್ಮದು ಉಡಿಗಾಲದಲ್ಲಿ ಲಿಂಗ ಕಟ್ಟಿದ ಮನೆ. ಅಪ್ಪ ಹೋದ ಮೇಲೆ ನಾನು, ಅವ್ವ ಇಬ್ಬರೇ. ಅವ್ವನ ಹೆಸರು ಗೌರಮ್ಮ. ಸೊಪ್ಪು ಸೋಸುವಾಗ ಹುಳ ಸಿಕ್ಕಿದರೆ ಅದನ್ನು ಎಲೆಯ ಸಮೇತ ತೆಗೆದುಕೊಂಡು ಹೋಗಿ ಬೇಲಿಗೆ ಬಿಟ್ಟು ಬರುತ್ತಿದ್ದ ಹೆಂಗಸು. ಮಗ ಮೀನು ಹಿಡಿಯುವ ಕೆಲಸಕ್ಕೆ ಸೇರಿದ ಎಂದಾಗ ಅವಳು ಕೂಗಾಡಲಿಲ್ಲ. ಒಲೆಯ ಮುಂದೆ ಕೂತವಳು ತಿರುಗಿ ನೋಡಿದಳು.

"ಕೊಲ್ಲಲ್ಲ ಕಣವ್ವ. ಇಡ್ದು ಬುಟ್ಬುಡ್ತೀವಿ" ಅಂದೆ.

"ಬುಡದಾದ್ರೆ ಯಾಕ್ಲಾ ಇಡಿಯದು?"

"ಫೋಟೋಕ್ಕೆ."

"ಫೋಟೋ ಬೇಕಾದ್ರೆ ಸ್ಟುಡಿಯೋಗ್ ಓಗ್ಲಿ. ಮೀನ್ಗೇನು ಅದ್ರ ಮುಸುಡಿ ನೋಡ್ಕಳಾಸೆ ಅಂತಿದ್ದದಾ?" ಅಂದು ಸೌದೆ ಒಳಗೆ ತಳ್ಳಿದಳು. ನಾನು ನಕ್ಕೆ. ಅವಳು ನಗಲಿಲ್ಲ. ಅಂದಿನಿಂದ ಸಂಜೆ ನಾನು ಹಿತ್ತಲಲ್ಲಿ ಮೈ ತೊಳೆದುಕೊಂಡೇ ಒಳಗೆ ಬರಬೇಕೆಂಬುದು ಮಾತಿಲ್ಲದೆ ಕಟ್ಟಳೆಯಾಯಿತು. ಬಿಸಿನೀರು ಮಾತ್ರ ದಿನವೂ ಕಾದಿರುತ್ತಿತ್ತು.

ಮೊದಮೊದಲು ಆ ಕೆಲಸದ ಸೊಗಸೇ ಸೊಗಸು. ಬೆಳಿಗ್ಗೆ ನೀರು ಅಲುಗದೆ ನಿಂತಿರುತ್ತಿತ್ತು, ಎರಡೂ ಕಡೆ ಬಂಡೆಯ ನೆರಳು, ನಡುವೆ ನನ್ನ ಹಳದಿ ದೋಣಿ. ಸದ್ದಿಲ್ಲದೆ ಹೋಗುವುದನ್ನು ಕಲಿತೆ. ರೂಪ್‌ಚಂದ್ ಉಂಡೆಯನ್ನು ಮುಟ್ಟಿದಾಗ ದಾರದಲ್ಲಿ ಆಗುವ ನಡುಕ, ಮೀಸೆ ಮೀನು ನುಂಗಿದಾಗ ಬರುವ ಎಳೆತ ಎರಡನ್ನೂ ಗಿರಾಕಿಯ ಮುಖ ನೋಡಿಯೇ ಹೇಳಿಬಿಡುತ್ತಿದ್ದೆ. ಆದರೆ ನಾಲ್ಕು ಗೋಡೆಯ ಗುಂಡಿ ಅದು. ಇದ್ದ ಮೀನೇ ಮೀನು. ಹಿಡಿದವರು ಬೇರೆ ಬೇರೆ, ಹಿಡಿಸಿಕೊಂಡವು ಅವೇ.

ಮೈಸೂರಿನಿಂದ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದರು. ರೂಪ್‌ಚಂದಿಗೆ ಮನುಷ್ಯರಂಥದೇ ಹಲ್ಲು ಎಂದು ಕೇಳಿ ನೋಡಲೆಂದೇ ಬಂದದ್ದು. ಒಂದು ದೊಡ್ಡ ಮೀನು ಸಿಕ್ಕಿತು. ನಾನು ಬಾಯಿ ಅಗಲಿಸಿ ತೋರಿಸಿದೆ. "ಅಯ್ಯೋ, ನನ್ನ ಪೇಷೆಂಟುಗಳಿಗಿಂತ ಚೆನ್ನಾಗಿವೆ ಕಣಯ್ಯಾ!" ಎಂದು ಮಗುವಿನ ಹಾಗೆ ನಕ್ಕರು. ನಗುತ್ತಲೇ ಇನ್ನಷ್ಟು ಬಗ್ಗಿ ನೋಡಿದರು. ಮೀನಿನ ಮೇಲ್ತುಟಿ ಅಲ್ಲಲ್ಲಿ ಹರಿದು, ಮಾಯ್ದು, ಮತ್ತೆ ಹರಿದು ಜಾಲರಿಯಂತಾಗಿತ್ತು. "ಇದನ್ನ ಎಷ್ಟು ಸಲ ಹಿಡಿದಿದ್ದೀರಪ್ಪಾ?" ಅಂದರು. ನಾನು ಮೀನನ್ನು ಬಲೆಚೀಲಕ್ಕೆ ಇಳಿಸಿ ಕ್ಯಾಮೆರಾ ಎತ್ತಿಕೊಂಡೆ. ಅವರು ಫೋಟೋ ಬೇಡ ಅಂದರು. ಕಿತ್ತಳೆ ದೋಣಿಯನ್ನು ತಾವೇ ದಡದ ಕಡೆಗೆ ತಿರುಗಿಸಿಕೊಂಡರು. ಆ ಮೀನನ್ನು ಬಿಡುವಾಗ ನನಗೆ ಅದರ ಕಣ್ಣು ನೋಡಲು ಆಗಲಿಲ್ಲ. ಅದಾದ ಮೇಲೆ ಪ್ರತಿ ಮೀನಿನ ತುಟಿಯೂ ನನ್ನ ಕಣ್ಣಿಗೆ ಬೀಳತೊಡಗಿತು.

ಆಷಾಢದ ಗಾಳಿಯ ಜೊತೆ ಇನ್ನೊಂದಷ್ಟು ಮಳೆ ಬಂತು. ಲಾರಿ ಇಳಿಜಾರಿನ ಮುಳುಗಿದ ಹುಲ್ಲಿನಲ್ಲಿ ಮೀಸೆ ಮೀನುಗಳು ಮೊಟ್ಟೆ ಇಟ್ಟವು. ಕೆಲವೇ ದಿನಕ್ಕೆ ದಡದುದ್ದಕ್ಕೂ ಮರಿಗಳು, ಗೊದಮೊಟ್ಟೆಯ ಹಾಗೆ ಕಪ್ಪಗೆ, ನೀರೇ ಮಿಸುಕಾಡುತ್ತಿದೆ ಅನ್ನುವಷ್ಟು. ನನಗೆ ಸಂತೋಷವಾಯಿತು. ಥಾಮಸ್ ಸಾರ್ ನೋಡಿ ಮುಖ ಗಂಟಿಕ್ಕಿದರು.

"ಬಲೆ ಹಾಕಿ ಎಲ್ಲಾ ತೆಗಿ ಮಾದೇವಾ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚು. ಹೊರಗೆ ಒಂದೂ ಹೋಗಬಾರದು, ಕೇಟ್ಟೋ?" ಅಂದರು. ಕೇಳಿಸಿತಾ ಅನ್ನುವುದಕ್ಕೆ ಅವರು ಯಾವಾಗಲೂ ತಮ್ಮ ಭಾಷೆಯಲ್ಲೇ ಕೇಟ್ಟೋ ಅನ್ನುತ್ತಿದ್ದರು.

"ಮರಿ ಅಲ್ವಾ ಸಾರ್, ಪಾಪ."

"ಇದು ಮೀನಲ್ಲ ಮಾದೇವಾ, ಹೊಟ್ಟೆ. ಮೀಸೆ ಬಂದಿರೋ ಹೊಟ್ಟೆ" ಅಂದು ತಮ್ಮ ಹೊಟ್ಟೆ ತಟ್ಟಿಕೊಂಡರು.

ನಾನು ತಮಾಷೆ ಅಂದುಕೊಂಡೆ. ಹೊರಗೆ ಹೋಗಬಾರದು ಅಂದದ್ದನ್ನು ವ್ಯಾಪಾರಿಯ ಬುದ್ಧಿ ಅಂದುಕೊಂಡೆ. ಮರಿ ಹೊರಗೆ ಹೋದರೆ ಇನ್ನೊಬ್ಬ ಇನ್ನೊಂದು ಗುಂಡಿಯಲ್ಲಿ ಸಾಕಿ ಗಿರಾಕಿಗಳನ್ನು ಎಳೆದುಕೊಳ್ಳುತ್ತಾನೆ, ಅದಕ್ಕೇ ಈ ಭಯ ಎಂದು ನನಗೆ ನಾನೇ ಅರ್ಥ ಹೇಳಿಕೊಂಡೆ. ಶುಂಠಿಯ ಬಿತ್ತನೆಯನ್ನೂ ಅವರು ಯಾರಿಗೂ ಕೊಡುತ್ತಿರಲಿಲ್ಲ. ಕೇಳಿದ್ದರೆ ಬಿಡಿಸಿ ಹೇಳುತ್ತಿದ್ದರೇನೋ. ನಾನು ಕೇಳಲಿಲ್ಲ.

ಗುಂಡಿ ತೋಡಿದೆ. ಒಂದು ಬಲೆಯಷ್ಟು ಮರಿ ಸುರಿದು ಸುಣ್ಣ ಚೆಲ್ಲಿದೆ. ಹಸಿ ಮಣ್ಣಿಗೆ ಬಿದ್ದ ಸುಣ್ಣ ಬುಸುಗುಟ್ಟಿತು. ಅದರ ಮೇಲೆ ಇನ್ನೇನನ್ನೂ ಬರೆಯಲಾರೆ. ಎರಡನೆಯ ಬಲೆಯನ್ನು ನಾನು ಎತ್ತಲಿಲ್ಲ.

ಆ ದಿನ ಮುದ್ದೆ ಇಳಿಯಲಿಲ್ಲ. ಅವ್ವ ಕೇಳಿದಳು, ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ತನ್ನಷ್ಟಕ್ಕೆ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ಆ ಗುಂಡಿಗೆ ಸುರಿಯದ್ನ ಒಂದ್ ಕೊಡಕ್ ಸುರ್ಕಂಡ್ ಬಾಲಾ. ಶ್ರಾವಣ ಸೋಮಾರ ಬತ್ತಾ ಅದೆ. ನನ್ ತೌರ್ ಕೆರೆಗೆ ಬುಟ್ಟು ಬರನ. ಇಷ್ಟ್ ದಿನ ನೀ ನೋಯ್ಸಿದ್ದುಕ್ಕೂ ಒಂದ್ ಪರಿಹಾರ ಆಯ್ತದೆ."

ಪರಿಹಾರ ಎಂಬ ಮಾತು ನನಗೆ ಎಷ್ಟು ಹಿತವಾಗಿ ಕೇಳಿತೆಂದರೆ, ಥಾಮಸ್ ಸಾರ್ ಹೇಳಿದ್ದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಬಂದಿದ್ದರೂ ತಳ್ಳಿಬಿಡುತ್ತಿದ್ದೆ. ಕ್ವಾರಿಯ ಪಕ್ಕದ ಗುಂಡಿಗೆ ಬರೀ ಮಣ್ಣು ಮುಚ್ಚಿ, ಸಾರ್ ಕಣ್ಣಿಗೆ ಬೀಳಲೆಂದು ಮೇಲೆ ಬೆಳ್ಳಗೆ ಸುಣ್ಣ ಉದುರಿಸಿದೆ. ಮರಿಗಳನ್ನು ಒಂದು ಕೊಡಕ್ಕೆ ತುಂಬಿ ಬಾಯಿಗೆ ತೆಳು ಬಟ್ಟೆ ಕಟ್ಟಿ ಮನೆಗೆ ತಂದೆ. ನನ್ನ ಬುದ್ಧಿಗೆ ಅದು ದೊಡ್ಡ ಸಾಹಸವಾಗಿ ಕಂಡಿತು.

ಅವ್ವನ ತವರು ಕುದೇರಿನ ಪಕ್ಕದ ಒಂದು ಸಣ್ಣ ಊರು. ಊರಿಗೆ ತಕ್ಕ ಸಣ್ಣ ಕೆರೆ, ಏರಿಯ ಮೇಲೆ ಬೇವಿನ ಮರದ ಕೆಳಗೆ ಕಲ್ಲಿನ ಗಂಗಮ್ಮ. ಏರಿಯ ಬುಡದಲ್ಲೇ ಚೆಲುವಮ್ಮನ ಮನೆ. ಚೆಲುವಮ್ಮ ಬೆಸ್ತರ ಮನೆಯವಳು, ಅವ್ವನ ಓರಗೆಯವಳು. ಇಬ್ಬರೂ ಲಂಗದ ವಯಸ್ಸಿನಲ್ಲಿ ಅದೇ ಬೇವಿನ ಮರದ ಕೆಳಗೆ ಅಳಿಗುಳಿ ಮಣೆ ಆಡಿದವರು. ಗಂಡನಿಲ್ಲದ ಮೇಲೆ ಅವಳ ಬದುಕೆಲ್ಲ ಆ ಕೆರೆಯೇ. ಹರಾಜು ಕೂಗುವಷ್ಟು ದೊಡ್ಡ ಕೆರೆಯಲ್ಲವಾದ್ದರಿಂದ ಊರಿನವರು ಅದನ್ನು ಅವಳ ಪಾಲಿಗೆ ಬಿಟ್ಟಿದ್ದರು. ಬೆಳಿಗ್ಗೆ ಕೆರೆಗಿಳಿದು ಪಕ್ಕೆಯೆಂಬ ಸಣ್ಣ ಮೀನು, ಸೀಗಡಿ, ಒಮ್ಮೊಮ್ಮೆ ಕೊರಮೀನು ಹಿಡಿದು, ಬುಟ್ಟಿಯಲ್ಲಿಟ್ಟು ನಾಲ್ಕು ಊರು ಸುತ್ತಿ ಮಾರುವಳು. ಮನೆಯ ಹಿಂದೆ ನಾಲ್ಕು ಬಾತುಕೋಳಿ. ನಾನು ಅವಳನ್ನು ಚಿಕ್ಕವ್ವ ಅನ್ನುತ್ತಿದ್ದೆ.

ಆ ಸೋಮವಾರ ಅವ್ವ ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ವಿಭೂತಿ ಇಟ್ಟು, ಎರಡು ಬಸ್ಸು ಬದಲಿಸಿ, ಕೊಡವನ್ನು ತೊಡೆಯಿಂದ ಇಳಿಸದೆ ತಂದಳು. ಗಂಗಮ್ಮನಿಗೆ ಹೂವಿಟ್ಟು ಕರ್ಪೂರ ಹಚ್ಚಿದಳು. ಮೊಳಕಾಲು ನೀರಿಗೆ ಇಳಿದು ಕೊಡವನ್ನು ಬಾಗಿಸಿದಳು. ಕಪ್ಪು ಮರಿಗಳು ಹೊಗೆಯ ಹಾಗೆ ಹರಡಿಕೊಂಡು ಕಾಣದಾದವು. "ಓಗಿ ಮಕ್ಕಳಾ, ಬದುಕ್ಕಳಿ" ಅಂದಳು. ಅವಳ ಕಣ್ಣು ತುಂಬಿತ್ತು.

ಚೆಲುವಮ್ಮ ಸೊಂಟದ ಮೇಲೆ ಕೈಯಿಟ್ಟು ಏರಿಯ ಮೇಲೆ ನಿಂತಿದ್ದಳು. "ನೀ ತಿನ್ನಲ್ಲ, ನಾ ಬುಡಲ್ಲ. ಬೆಳ್ಸಿ ಬೆಳ್ಸಿ ನನ್ ಮಡ್ಕೆಗೇ ಆಕ್ತಿದ್ದೀಯಲ್ಲ ಗೌರಕ್ಕಾ!"

"ಅದು ನಿಂಗೂ ಆ ಗಂಗವ್ವಂಗೂ ಬುಟ್ಟದ್ದು ಕಣಮ್ಮಿ. ನಂಗ್ ಏಳ್ಬೇಡ" ಎಂದು ಅವ್ವ ನಕ್ಕಳು. ಅವಳು ಬಾಯ್ತುಂಬ ನಕ್ಕದ್ದನ್ನು ಅಪ್ಪ ಹೋದ ಮೇಲೆ ನಾನು ಅವತ್ತೇ ನೋಡಿದ್ದು. ಆ ನಗುವಿಗಾಗಿ ಶ್ರಾವಣ ಮುಗಿಯುವುದರೊಳಗೆ ಮತ್ತೆ ಮತ್ತೆ ಕೊಡ ತುಂಬಿ ತಂದೆ. ಗೌರಮ್ಮ ಸಾವಿರಾರು ಜೀವ ಉಳಿಸಿದಳಂತೆ ಎಂದು ಉಡಿಗಾಲದ ನಮ್ಮ ಬೀದಿಯಲ್ಲೆಲ್ಲ ಮಾತಾಯಿತು. ಎದುರು ಮನೆಯ ರಾಜಮ್ಮತ್ತೆಯಂತೂ ಅವ್ವನ ಕೈ ಹಿಡಿದು, "ಪುಣ್ಯವಂತೆ ಕಣಕ್ಕ ನೀನು" ಅಂದಳು. ನಾನೂ ಹಗುರಾಗಿದ್ದೆ. ಕಾರ್ತಿಕದಲ್ಲಿ ಗಿರಾಕಿಗಳು ಹೆಚ್ಚಿದರು, ಮೀನಿನ ತುಟಿಗಳನ್ನು ನೋಡುವುದು ಬಿಟ್ಟೆ.

ದೀಪಾವಳಿಗೆ ಹೋದಾಗ ಚೆಲುವಮ್ಮ, "ನಿನ್ ಮೀಸೆ ಮಕ್ಳು ಜೋರಾಗವ್ರೆ ಗೌರಕ್ಕ" ಅಂದಿದ್ದಳು. ಸಂಕ್ರಾಂತಿಯಲ್ಲಿ ಅವಳ ಬಾತುಕೋಳಿಯ ಮರಿಗಳು ಒಂದೊಂದಾಗಿ ಕಾಣೆಯಾದದ್ದನ್ನು ಹೇಳಿ, ಹದ್ದಿಗೆ ಶಾಪ ಹಾಕಿದಳು. ನಾವೂ ಹದ್ದಿಗೇ ಶಾಪ ಹಾಕಿದೆವು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಒಂದು ಮಧ್ಯಾಹ್ನ ಅವಳೇ ಉಡಿಗಾಲಕ್ಕೆ ಬಂದಳು. ಯಾವತ್ತೂ ಬುಟ್ಟಿಯನ್ನು ಬೀದಿಯ ಕೊನೆಯಲ್ಲೇ ಇಟ್ಟು ಬರುವವಳು, ಅವತ್ತು ತಲೆಯ ಮೇಲಿಟ್ಟುಕೊಂಡೇ ಜಗಲಿಯವರೆಗೂ ಬಂದು ಮಗುಚಿ ತೋರಿಸಿದಳು. ಬುಟ್ಟಿ ಬರಿದಾಗಿತ್ತು, ವಾಸನೆಯೂ ಇರಲಿಲ್ಲ.

"ಏನಾಯ್ತು ಚೆಲ್ವಿ?" ಎಂದು ಅವ್ವ ಕೇಳಿದಳು.

"ನಿನ್ ಮೇಲ್ ಕ್ವಾಪ ಇಲ್ಲ ಕಣಕ್ಕ. ಆದ್ರೂ ಏಳ್ದೆ ಇರಕ್ಕಾಗಲ್ಲ. ನೀ ಬುಟ್ಟ ಮೀನು ಕೆರೆನೇ ತಿಂದ್ಬುಡ್ತು. ಪಕ್ಕೆ ಇಲ್ಲ, ಸೀಗಡಿ ಇಲ್ಲ. ಕೊರಮೀನ್ ಮರಿ ಮಾಡಿದ್ರೆ ತಾಯಿ ಮುಂದೇನೇ ನುಂಗ್ತವೆ, ಕಣ್ಣಾರೆ ಕಂಡೆ. ನನ್ ಬಾತು ಮರಿನೂ ಅವೇ ಎಳ್ಕಂಡಿದ್ದು. ಇನ್ನು ಆ ಮೀಸೆಯವ್ನ ಮಾರನ ಅಂದ್ರೆ ಜನ ಮೂಗ್ ಮುಚ್ಕತಾರೆ. ಕಸಾಯಿಖಾನೆ ಹೊಲಸು ತಿಂದು ಬೆಳ್ಯ ಮೀನಂತೆ, ಮುಟ್ಟಾಕಿಲ್ಲ ಅಂತಾರೆ. ನಾಳೆಯಿಂದ ಅರಿಸಿನ ಕೀಳಕ್ಕೆ ಕೂಲಿ ಓಯ್ತೀನಿ. ಅದ್ನೇ ಏಳಕ್ ಬಂದೆ."

ಅವ್ವ ನನ್ನ ಕಡೆ ತಿರುಗಿದಳು. "ಏನ್ಲಾ ಇದು?"

ನಾನು ಹೇಳಿದೆ. ಥಾಮಸ್ ಸಾರ್ ಒಂದೂ ಹೊರಗೆ ಹೋಗಬಾರದು ಅಂದದ್ದು, ಹೊಟ್ಟೆ ತಟ್ಟಿಕೊಂಡದ್ದು, ನಾನು ಅದಕ್ಕೆ ಬೇರೆ ಅರ್ಥ ಮಾಡಿಕೊಂಡದ್ದು, ಎಲ್ಲ. ಹೇಳುತ್ತ ಹೋದಂತೆ ನನಗೇ ಕೇಳಿಸುತ್ತಿತ್ತು, ಎಂಥ ದಡ್ಡ ಮಾತುಗಳು ಅವು. ಪುಣ್ಯ ಕಟ್ಟಿಕೊಳ್ಳಲು ಹೋಗಿ ಒಬ್ಬಳ ಅನ್ನದ ತಟ್ಟೆಗೆ ಮಣ್ಣು ಹಾಕಿದ್ದೆ. ಚೆಲುವಮ್ಮ ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವಳು, "ಬುಡು ಮಗ, ನಿಂಗೇನ್ ಗೊತ್ತು" ಅಂದಳು. ಅವ್ವ ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಚೆಲುವಮ್ಮ ಕುಡಿದು ಹೋದಳು. ಆಮೇಲೆ ಅವ್ವ ನನ್ನ ಕಡೆ ತಿರುಗಿ ಹೇಳಿದಳು. "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಓಗನ."

ಕೆರೆ ಬತ್ತಿ ನಡುವೆ ಕೊಚ್ಚೆಯಷ್ಟೇ ಉಳಿದಿತ್ತು. ಬಿಸಿಲಿಗೆ ಕಾದ ಕೆಸರಿನ ಮೇಲೆ ಕಪ್ಪು ಬೆನ್ನುಗಳು ಹೊರಳಾಡುತ್ತಿದ್ದವು, ತೋಳುದ್ದದವು, ತೊಡೆ ದಪ್ಪದವು. ಶ್ರಾವಣದಲ್ಲಿ ಹೊಗೆಯ ಹಾಗೆ ಕರಗಿಹೋದ ಮರಿಗಳು ಇವೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಚೆಲುವಮ್ಮ ಕೂಲಿಗೆ ಹೊರಟಿದ್ದವಳು ನಮ್ಮನ್ನು ಕಂಡು ನಿಂತಳು. ಅವ್ವ ಗಂಗಮ್ಮನ ಕಡೆ ತಿರುಗಿ ಕೈ ಮುಗಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆ ಎತ್ತಿ ಕಟ್ಟಿ, ಕೆಸರಿಗೆ ಇಳಿದಳು.

"ಗೌರಕ್ಕಾ, ನಿಂಗೇನ್ ತಲೆ ಕೆಟ್ಟದಾ? ಬಾ ಮ್ಯಾಕ್ಕೆ. ನಿನ್ ಕೈಲಾಗ ಕೆಲ್ಸ ಅಲ್ಲ ಇದು!"

"ಕೈಲಾಗ್ದಿದ್ದುನ್ನೇ ಆಗ್ಲೇ ಮಾಡಿವ್ನಿ ಕಣಮ್ಮಿ. ಬುಟ್ಟಿದ್ದು ಈ ಕೈಯೇ ಅಲ್ವಾ."

ಮೀನನ್ನು ಜೀವಮಾನದಲ್ಲಿ ಮುಟ್ಟದ ಹೆಂಗಸು ಎರಡೂ ಕೈಯಲ್ಲಿ ಒಂದನ್ನು ಅಪ್ಪಿ ಹಿಡಿದಳು. ಅದು ಕೊಸರಿದ ರಭಸಕ್ಕೆ ರೆಕ್ಕೆಯ ಮುಳ್ಳು ಅವಳ ಬಲ ಅಂಗೈಯನ್ನು ಸೀಳಿತು. ರಕ್ತ ಕೆಸರಿಗೆ ತೊಟ್ಟಿಕ್ಕಿತು. ಅವಳು ಬಿಡಲಿಲ್ಲ. ಎದೆಗೆ ಒತ್ತಿಕೊಂಡು ದಡಕ್ಕೆ ತಂದು ಹಾಕಿದಳು. ಮೀಸೆ ಮೀನು ನೀರಿನಿಂದ ತೆಗೆದರೂ ಬೇಗ ಸಾಯುವುದಿಲ್ಲ, ಹೊಟ್ಟೆಯ ಮೇಲೆ ತೆವಳಿಕೊಂಡು ಮತ್ತೆ ಕೆಸರಿನ ಕಡೆಗೇ ಹೊರಟಿತು. ಅವ್ವ ಅದನ್ನು ನೋಡುತ್ತ ನಿಂತಳು.

"ಎಂಗ್ ಕೊಲ್ಲದು ಚೆಲ್ವಿ ಇದ್ನ?"

ಚೆಲುವಮ್ಮ ಒಂದು ಕಲ್ಲು ಎತ್ತಿ ಅವಳ ಕೈಗೆ ಕೊಟ್ಟಳು, ತಲೆಯ ಮೇಲೆ ಎಲ್ಲಿ ಹೊಡೆಯಬೇಕೆಂದು ಬೆರಳಿಟ್ಟು ತೋರಿಸಿದಳು. ನಾನು ಓಡಿಬಂದು ಅವ್ವನ ಕೈಯಿಂದ ಕಲ್ಲು ಕಿತ್ತುಕೊಳ್ಳಲು ಹೋದೆ. "ತಾ ಅವ್ವ, ನಾ ಮಾಡ್ತೀನಿ. ಎಲ್ಲಾ ಆಗಿದ್ದು ನನ್ನಿಂದ."

ಅವಳು ಕಲ್ಲನ್ನು ಕೊಡಲಿಲ್ಲ. "ನಿಂಗಿನ್ನೂ ಬಾಳದೆ. ನಾಳೆ ಹೆಂಡ್ತಿ ಮಕ್ಳು ಬತ್ತಾರೆ. ಈ ಪಾಪ ನಿಂಗ್ ಬ್ಯಾಡ. ನೀ ಇಡ್ದು ತಂದ್ಕೊಡು" ಅಂದಳು.

ಹಾಗೆ ಆ ದಿನ ಹೊತ್ತು ನೆತ್ತಿಗೆ ಬಂದು ಇಳಿಯುವವರೆಗೂ ನಾನೂ ಚೆಲುವಮ್ಮನೂ ಹಿಡಿದು ತಂದೆವು. ಒಂದು ವರ್ಷ ಪಳಗಿದ ಕೈ, ನನಗೆ ಒಂದೂ ಮುಳ್ಳು ಚುಚ್ಚಲಿಲ್ಲ. ಮೀನಿಗೆ ನೋವಾಗದಂತೆ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತುವುದೇ ಅಭ್ಯಾಸವಾಗಿ, ಸಾಯಲು ಹೊರಟವನ್ನೂ ಹಾಗೇ ಎತ್ತಿ ತಂದು ಅವ್ವನ ಮುಂದೆ ಇಡುತ್ತಿದ್ದೆ. ಅವಳು ಪ್ರತಿ ಸಲವೂ ತುಟಿಯಲ್ಲಿ ಏನೋ ಅನ್ನುತ್ತಿದ್ದಳು. ಶಿವನ ಹೆಸರೋ, ಮೀನಿಗೆ ಹೇಳಿದ ಮಾತೋ, ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಕಲ್ಲು ಬೀಳುತ್ತಿತ್ತು. ಅವಳ ಹಣೆಯ ವಿಭೂತಿ ಬೆವರಿಗೆ ಕರಗಿ ಕೆನ್ನೆಗೆ ಇಳಿದಿತ್ತು.

ಎಲ್ಲವನ್ನೂ ಹಿಡಿಯಲಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಸರಿನ ಆಳಕ್ಕೆ ಇಳಿದವು ಉಳಿದವು, ಮುಂದಿನ ಮಳೆಗೆ ಎದ್ದು ಬಂದವು. ಈಗಲೂ ಆ ಕೆರೆಯಲ್ಲಿ ಅವೇ ಇವೆ. ಚೆಲುವಮ್ಮ ಕೂಲಿಗೆ ಹೋಗಿಯೇ ಮುದುಕಿಯಾದಳು. ಅವ್ವ ಇರುವವರೆಗೂ ಬೇಸಿಗೆಗೊಮ್ಮೆ ಅವಳ ಮನೆಗೆ ರಾಗಿಮೂಟೆ ಹೊರಿಸಿಕೊಂಡು ಹೋಗುತ್ತಿದ್ದಳು, ಅವಳು ಬೇಡವೆನ್ನದೆ ಇಳಿಸಿಕೊಳ್ಳುತ್ತಿದ್ದಳು. ನಾನು ಕ್ವಾರಿಯ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಥಾಮಸ್ ಸಾರ್‌ಗೆ ನಡೆದದ್ದನ್ನು ಹೇಳಿದಾಗ ಅವರು ತಲೆಯ ಮೇಲೆ ಕೈಯಿಟ್ಟು ಕೂತು, "ತಪ್ಪು ನಂದೂ ಇದೆ ಮಾದೇವಾ, ಆ ಮೀನು ತಂದವನು ನಾನು" ಅಂದರು. ಆ ಮೀನನ್ನು ಸರ್ಕಾರವೇ ಬೇಡ ಅಂದಿತ್ತು ಎಂಬುದು ನನಗೆ ಅವತ್ತೇ ತಿಳಿದದ್ದು. ತಪ್ಪನ್ನು ಹಂಚಿಕೊಂಡರೆ ಕಡಿಮೆಯಾಗುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

ಕಾಡುವುದು ಆ ಕೆಸರಿಗಿಂತ ಹೆಚ್ಚಾಗಿ ಅವತ್ತು ಸಂಜೆಯ ಬಸ್ಸು. ಚೆಲುವಮ್ಮನ ಮನೆಯ ಮುಂದೆ ಇಬ್ಬರೂ ಕೈಕಾಲು ತೊಳೆದುಕೊಂಡು ಹೊರಟಿದ್ದೆವು. ಆದರೂ ಆ ವಾಸನೆ ನೀರಿಗೆ ಹೋಗುವಂಥದ್ದಲ್ಲ. ಅವ್ವ ಕಿಟಕಿಯ ಪಕ್ಕ ಕೂತು ಸೀಳಿದ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಚಾಮರಾಜನಗರದಲ್ಲಿ ಬಸ್ಸು ಬದಲಿಸಿದಾಗ ಮುಂದಿನ ಸೀಟಿನಲ್ಲಿ ನಮ್ಮ ಬೀದಿಯ ರಾಜಮ್ಮತ್ತೆ ಸಿಕ್ಕಳು. ಮಾತಾಡಿಸಲು ತಿರುಗಿದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನು ನೋಡಿದಳು.

"ಏನ್ ಮಾದೇವ, ಕೆಲ್ಸದಿಂದ ಅಂಗೇ ಬಂದ್ಬುಟ್ಟಿದ್ದೀಯಾ? ಇಂಥಾ ಅವ್ವನ ಪಕ್ಕ ಮೀನ್ ವಾಸ್ನೆ ಒಡ್ಕಂಡ್ ಕೂರಕ್ಕೆ ನಾಚ್ಕೆ ಆಗಕಿಲ್ವಾ?"

ಸದ್ಯ, ನನ್ನನ್ನೇ ಬೈದಳಲ್ಲ ಅನ್ನಿಸಿತು. ಹೌದು ಅಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಆ ವಾಸನೆಗೆ ಮೂಲ ನಾನೇ. ಅವಳಿಗೆ ಉಳಿದಿದ್ದ ಒಂದು ಒಳ್ಳೆಯ ಹೆಸರನ್ನಾದರೂ ಕಾಪಾಡಬಹುದಿತ್ತು. ಆದರೆ ಎಲ್ಲರೂ ತಿರುಗಿ ನೋಡುತ್ತಿದ್ದರು, ಬೆಳಗಿನಿಂದ ಕೆಸರಿನಲ್ಲಿ ನಿಂತದ್ದಕ್ಕಿಂತ ಹೆಚ್ಚಿನ ನಾಚಿಕೆ ಆ ಕ್ಷಣ ನನಗಾಯಿತು. ನಾನು ಬಾಯಿ ತೆರೆಯುವುದು ತಡವಾಯಿತು.

ಅವ್ವ ಸೆರಗು ಬಿಚ್ಚಿ, ಸೀಳಿದ ಅಂಗೈಯನ್ನು ರಾಜಮ್ಮತ್ತೆಯ ಮುಂದೆ ಚಾಚಿದಳು. "ಅವ್ನದಲ್ಲ ಕಣ ರಾಜಿ, ನಂದು. ಇವತ್ತು ನಾನೇ ಕೊಂದೆ" ಅಂದಳು.

ರಾಜಮ್ಮತ್ತೆ ಮುಂದಕ್ಕೆ ತಿರುಗಿಕೊಂಡಳು. ಬಸ್ಸು ಉಡಿಗಾಲಕ್ಕೆ ಬರುವವರೆಗೂ ಅವ್ವ ಆ ಕೈಯನ್ನು ತೊಡೆಯ ಮೇಲೆ ತೆರೆದೇ ಇಟ್ಟುಕೊಂಡಿದ್ದಳು.